ಮಳೆಗಾಲದ ಹೆರಿಗೆ ಮನೆಯಲ್ಲೇ ಆಗಬಹುದೇ?

ಪ್ರಶ್ನೆ: ನನಗೆ 28 ವರ್ಷ. ಶಿರಸಿ ತಾಲೂಕಿನಲ್ಲಿ, ದೇವಿಮನೆ ಘಟ್ಟಕ್ಕೆ ಹತ್ತಿರದ ಹಳ್ಳಿ. ಎರಡನೇ ಬಸುರು, ಏಳು ತಿಂಗಳು ತುಂಬಿದೆ. ಜುಲೈ ಕೊನೆಗೆ ದಿನ ಹೇಳಿದ್ದಾರೆ. ಮೊದಲ ಮಗು ನಾಲ್ಕು ವರ್ಷದ ಹಿಂದೆ ಒಂದು ಆಸ್ಪತ್ರೆಯಲ್ಲಿ ನಾರ್ಮಲ್ ಆಗಿಯೇ ಹುಟ್ಟಿತು. ಆದರೆ ಆ ದಿನ ನೆನೆದರೆ ಈಗಲೂ ಮೈ ನಡುಗುತ್ತದೆ. ಹೋದ ಕೂಡಲೇ ಡ್ರಿಪ್ ಹಾಕಿ ಅಂಗಾತ ಮಲಗಿಸಿದರು. ಅಮ್ಮನನ್ನು ಒಳಗೆ ಬಿಡಲಿಲ್ಲ. ಕುಡಿಯಲು ನೀರು ಕೊಡಲಿಲ್ಲ. ಕೂಗಿದ್ದಕ್ಕೆ ಬೈದರು. ಕೊಯ್ದು ಹಾಕಿದ ಹೊಲಿಗೆ ತಿಂಗಳುಗಟ್ಟಲೆ ನೋಯುತ್ತಿತ್ತು. ನನ್ನ ಅಜ್ಜಿ ಏಳು ಮಕ್ಕಳನ್ನು ಮನೆಯಲ್ಲೇ ಹೆತ್ತವಳು. "ಹೆದ್ರಡ ಕೂಸೆ" ಎಂದು ಧೈರ್ಯ ಹೇಳುತ್ತಾಳೆ. ಊರಿನಲ್ಲಿ ವಯಸ್ಸಾದ ಸೂಲಗಿತ್ತಿ ಒಬ್ಬರು ಇನ್ನೂ ಇದ್ದಾರೆ. ಯೂಟ್ಯೂಬಿನಲ್ಲಿ ಮನೆಯಲ್ಲಿ ಹೆತ್ತವರ ವಿಡಿಯೋ ನೋಡಿದ ಮೇಲೆ ನನಗೂ ಹಾಗೇ ಆಗಬೇಕು ಅನಿಸುತ್ತಿದೆ. ಎಲ್ಲ ಸರಿ ಇದ್ದರೆ ಮನೆಯಲ್ಲಿ ಹೆರಬಹುದೇ? ಆಗದಿದ್ದರೆ ಹಿಂದಿನ ಹಾಗೆ ಆಗದಂತೆ ಏನು ಮಾಡಬೇಕು? ಸುಲಭ ಹೆರಿಗೆಗೆ ಕೊನೆಯ ತಿಂಗಳು ತುಪ್ಪ, ಹರಳೆಣ್ಣೆ ಕುಡಿಯಿರಿ ಎನ್ನುತ್ತಾರೆ, ಕುಡಿಯಲೇ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಮನೆಯಲ್ಲಿ ಬೇಡ. ನಿಮ್ಮ ಊರಿನಲ್ಲಿ, ಆ ತಿಂಗಳಲ್ಲಿ ಖಂಡಿತ ಬೇಡ.

ಆದರೆ ನಿಮ್ಮದು ಹುಚ್ಚು ಪ್ರಶ್ನೆಯೇನೂ ಅಲ್ಲ. ಇಂಥ ಮಾತು ಎತ್ತಿದರೆ ನಮ್ಮಲ್ಲಿ ಎಷ್ಟೋ ಡಾಕ್ಟರುಗಳು ಬೈದು ಕಳಿಸುತ್ತಾರೆ. ಬೈಸಿಕೊಂಡವರು ಮತ್ತೆ ಬಾಯಿ ಬಿಡುವುದಿಲ್ಲ. ಸುಮ್ನೆ ಮನೆಯಲ್ಲಿ ಕೂತು, ಕೊನೆಯ ಗಳಿಗೆಯಲ್ಲಿ ಓಡಿ ಬರುತ್ತಾರೆ. ಅದಕ್ಕಿಂತ ಕೂತು ಮಾತಾಡುವುದು ಒಳ್ಳೆಯದು.

ಹೊರದೇಶದ ಲೆಕ್ಕವನ್ನೇ ಮೊದಲು ನೋಡೋಣ. ನೀವು ನೋಡಿದ ವಿಡಿಯೋಗಳು ಹೆಚ್ಚಾಗಿ ಅಲ್ಲಿನವೇ. ಇಂಗ್ಲೆಂಡಿನಲ್ಲಿ ತೊಂದರೆಯ ಲಕ್ಷಣ ಇಲ್ಲದ 64 ಸಾವಿರಕ್ಕೂ ಹೆಚ್ಚು ಬಸುರಿಯರನ್ನು ನೋಡಿದ ಒಂದು ದೊಡ್ಡ ಅಧ್ಯಯನ 2011ರಲ್ಲಿ ಬಂತು. ಚೊಚ್ಚಲ ಹೆರಿಗೆಯವರಲ್ಲಿ, ಮನೆಯಲ್ಲಿ ಹೆರುತ್ತೇನೆಂದು ಹೊರಟವರ ಮಕ್ಕಳಿಗೆ ಗಂಭೀರ ತೊಂದರೆ ಆದದ್ದು 1000ಕ್ಕೆ 9ರಷ್ಟು. ಆಸ್ಪತ್ರೆ ಆರಿಸಿಕೊಂಡವರಲ್ಲಿ 5ರಷ್ಟು. ಆದರೆ ಎರಡನೆಯ, ಮೂರನೆಯ ಹೆರಿಗೆಯವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿ ಶುರು ಮಾಡಿದವರಿಗೆ ಸಿಸೇರಿಯನ್ನೂ ಕಡಿಮೆ, ಕೊಯ್ದು ಹೊಲಿಯುವುದೂ ಕಡಿಮೆ. ಅಂದರೆ ನಿಮ್ಮಂಥ ಹೆಂಗಸು, ಒಮ್ಮೆ ನಾರ್ಮಲ್ ಆಗಿ ಹೆತ್ತವಳು, ಬೇರೆ ಕಾಯಿಲೆ ಇಲ್ಲದವಳು, ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆ ಕೇಳಿದ್ದರೆ "ಆಗಬಹುದು" ಎಂಬ ಉತ್ತರ ಸಿಗುತ್ತಿತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಈಗ ಅದೇ ಅಧ್ಯಯನದ ಇನ್ನೊಂದು ಅಂಕಿ. ಎರಡನೆಯ ಹೆರಿಗೆ ಅಥವಾ ಅದರ ಮೇಲಿನವರಲ್ಲಿಯೂ 100ಕ್ಕೆ 12 ಮಂದಿಯನ್ನು, ನೋವಿನ ಮಧ್ಯೆಯೋ ಹೆರಿಗೆಯಾದ ಮೇಲೆಯೋ, ಆಸ್ಪತ್ರೆಗೆ ಸಾಗಿಸಬೇಕಾಯಿತು. ಚೊಚ್ಚಲದವರಲ್ಲಿ ಅದು 45. ಅಲ್ಲಿ ಮನೆಗೆ ಬರುವ ಮಿಡ್‌ವೈಫ್ ವರ್ಷಗಟ್ಟಲೆ ಅದನ್ನೇ ಓದಿ, ಕಾನೂನಿನ ಪ್ರಕಾರ ಹೆಸರು ನೋಂದಾಯಿಸಿಕೊಂಡವಳು. ಮಗುವಿನ ಎದೆಬಡಿತ ಕೇಳುವ ಯಂತ್ರ, ರಕ್ತ ನಿಲ್ಲಿಸುವ ಇಂಜೆಕ್ಷನ್, ಮಗುವಿಗೆ ಉಸಿರು ಕೊಡುವ ಬ್ಯಾಗ್ ಮತ್ತು ಮಾಸ್ಕ್ ಅವಳ ಜೊತೆಗೇ ಬರುತ್ತವೆ. ಒಂದು ಫೋನ್ ಮಾಡಿದರೆ ಆಂಬುಲೆನ್ಸ್ ಬಾಗಿಲಿಗೆ. ಯಾವ ಆಸ್ಪತ್ರೆಗೆ ಹೋಗುವುದೆಂದು ಮೊದಲೇ ತೀರ್ಮಾನ ಆಗಿರುತ್ತದೆ, ಅಲ್ಲಿಯವರಿಗೂ ಗೊತ್ತಿರುತ್ತದೆ. ವಿಡಿಯೋದಲ್ಲಿ ಮೇಣದಬತ್ತಿ, ಬಿಸಿನೀರಿನ ತೊಟ್ಟಿ, ನಗುವ ಗಂಡ ಕಾಣುತ್ತಾರೆ. ಇದೆಲ್ಲ ಕಾಣುವುದಿಲ್ಲ.

ನಿಮ್ಮ ಮನೆಗೆ ಬರೋಣ. ಜುಲೈ ಕೊನೆ. ಘಟ್ಟದ ಮೇಲೆ ಜಡಿಮಳೆ. ಕರೆಂಟ್ ಹೋಗಿ ಎಷ್ಟು ದಿನ ಆಯಿತೋ, ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ತೋಟ ದಾಟಿ, ಕಾಲುಸಂಕ ದಾಟಿ ರಸ್ತೆಗೆ ಬರಬೇಕು. ಶಿರಸಿ ಕಡೆ ಮರ ಬಿದ್ದಿದೆಯೋ, ಕುಮಟಾ ಕಡೆ ದೇವಿಮನೆಯಲ್ಲಿ ಗುಡ್ಡ ಜಾರಿದೆಯೋ ಆಗಲೇ ಗೊತ್ತಾಗುವುದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಯಿತು. ಹೆದ್ದಾರಿಯದೇ ಆ ಪಾಡಾದರೆ ನಿಮ್ಮೂರಿನ ರಸ್ತೆಯ ಮಾತೇನು? ಇಂಗ್ಲೆಂಡಿನ 12 ಮಂದಿಯಲ್ಲಿ ನೀವೂ ಒಬ್ಬರಾದರೆ ಇಲ್ಲಿ ಏನು ಮಾಡುವುದು?

ನನ್ನ ಭಯ ಹೆರಿಗೆಯ ಬಗ್ಗೆ ಅಷ್ಟಿಲ್ಲ. ಎರಡನೇ ಮಗು ಸಾಮಾನ್ಯವಾಗಿ ತಾನಾಗಿಯೇ, ಬೇಗನೇ ಬರುತ್ತದೆ. ಭಯ ಇರುವುದು ಮಗು ಬಂದ ನಂತರದ ಹೊತ್ತಿನ ಬಗ್ಗೆ.

ತುಂಬಿದ ತಿಂಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಮಗು ಹೊರಗೆ ಬಂದು, ಮಾಸು ಬಿಟ್ಟುಕೊಂಡಾಗ, ಅದು ಅಂಟಿದ್ದ ಜಾಗದ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡರೆ ಅದರ ಸ್ನಾಯುಗಳೇ ಆ ನಾಳಗಳನ್ನು ಹಿಂಡಿ ಮುಚ್ಚುತ್ತವೆ. ಮುದುಡದೆ ಮೆತ್ತಗೆ ಉಳಿದರೆ ರಕ್ತ ನಿಲ್ಲುವುದಿಲ್ಲ. ಹೀಗೆ ಆಗುವುದು ಯಾರಿಗೆ? ಅವಳಿ ಮಕ್ಕಳಿದ್ದವರಿಗೆ, ತುಂಬಾ ಹೊತ್ತು ನೋವು ತಿಂದವರಿಗೆ, ಹೆಚ್ಚು ಮಕ್ಕಳನ್ನು ಹೆತ್ತವರಿಗೆ ಸಾಧ್ಯತೆ ಜಾಸ್ತಿ ಎಂಬುದು ನಿಜ. ಆದರೆ ಯಾವ ಮುನ್ಸೂಚನೆಯೂ ಇಲ್ಲದ, ಎಲ್ಲ ಸರಿಯಿದ್ದ ಹೆಂಗಸರಿಗೂ ಇದು ಆಗುತ್ತದೆ. "ಎಲ್ಲ ಸರಿ ಇದ್ದರೆ" ಎಂದು ನೀವು ಬರೆದಿದ್ದೀರಿ. ಎಲ್ಲ ಸರಿ ಇತ್ತು ಎಂದು ಹೇಳಲು ಆಗುವುದು ಹೆರಿಗೆ ಮುಗಿದು ಕೆಲವು ಗಂಟೆ ಕಳೆದ ಮೇಲೆಯೇ. ಜೋರಾಗಿ ರಕ್ತ ಹೋಗತೊಡಗಿದರೆ ಒಬ್ಬ ಬಾಣಂತಿ ಎರಡು ಗಂಟೆಯೊಳಗೆ ತೀರಿಹೋಗಬಹುದು. ನಿಮ್ಮ ಮನೆಯಿಂದ ರಕ್ತ ಸಿಗುವ ಆಸ್ಪತ್ರೆಗೆ ಮಳೆಯಲ್ಲಿ ಎಷ್ಟು ಹೊತ್ತು ಬೇಕು? ನೀವೇ ಲೆಕ್ಕ ಹಾಕಿ.

ಆಸ್ಪತ್ರೆಯಲ್ಲಿ ಇದಕ್ಕೆ ಮಾಡುವ ಮೊದಲ ಕೆಲಸ ತೀರಾ ಸಣ್ಣದು. ಮಗು ಹುಟ್ಟಿದ ಕೂಡಲೇ ತೊಡೆಗೆ, ಗರ್ಭಕೋಶವನ್ನು ಮುದುಡಿಸುವ ಆಕ್ಸಿಟೋಸಿನ್ 10 ಯೂನಿಟ್ ಇಂಜೆಕ್ಷನ್. ಅಷ್ಟಕ್ಕೇ ರಕ್ತಸ್ರಾವದ ಸಾಧ್ಯತೆ ಬಹಳಷ್ಟು ತಗ್ಗುತ್ತದೆ. ಆ ಔಷಧವನ್ನು ಫ್ರಿಜ್‌ನಲ್ಲಿ ಇಡಬೇಕು, ಯಾವಾಗ ಕೊಡಬೇಕೆಂದು ಗೊತ್ತಿರುವವರು ಕೊಡಬೇಕು. ಇದೇ ಔಷಧವನ್ನು ಮಗು ಹುಟ್ಟುವ ಮೊದಲು, ನೋವು ಜೋರಾಗಲಿ ಎಂದು ಮನೆಯಲ್ಲಿ ಚುಚ್ಚಿಸಿಕೊಂಡರೆ ಗರ್ಭಕೋಶ ಹರಿದೇ ಹೋಗಬಹುದು. ಯಾರಾದರೂ "ಒಂದು ಇಂಜೆಕ್ಷನ್ ಹಾಕಿಬಿಡುತ್ತೇನೆ, ಬೇಗ ಆಗುತ್ತದೆ" ಎಂದು ಮನೆಗೆ ಬಂದರೆ ಹೊಸ್ತಿಲು ದಾಟಲು ಬಿಡಬೇಡಿ.

ಮಗುವಿನ ವಿಚಾರವೂ ಇದೆ. ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳಿಗೆ ಮೊದಲ ಉಸಿರು ಎಳೆಯಲು ಏನಾದರೂ ಸಹಾಯ ಬೇಕು. ಹೆಚ್ಚಿನವಕ್ಕೆ ಒರೆಸಿ, ಬೆನ್ನು ತಿಕ್ಕಿದರೆ ಸಾಕು. ಕೆಲವಕ್ಕೆ ಬ್ಯಾಗ್ ಮಾಸ್ಕ್ ಬೇಕು, ಅದೂ ಮೊದಲ ನಿಮಿಷದಲ್ಲೇ.

2018ರಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿಕೊಂಡು ಮನೆಯಲ್ಲಿ ಹೆರಿಗೆಗೆ ಹೋದ ಹೆಂಗಸೊಬ್ಬರು ರಕ್ತಸ್ರಾವದಿಂದ ತೀರಿಕೊಂಡರು. 2025ರಲ್ಲಿ ಕೇರಳದ ಮಲಪ್ಪುರಂನಲ್ಲಿ ಮನೆಯಲ್ಲಿ ಹೆತ್ತ ಇನ್ನೊಬ್ಬರೂ ಹಾಗೇ ಹೋದರು. ಅವರದು ಐದನೇ ಹೆರಿಗೆ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ನಾಲ್ಕು ಸಲ ಸುಸೂತ್ರ ಆಗಿದ್ದು ಐದನೆಯದಕ್ಕೆ ಗ್ಯಾರಂಟಿ ಅಲ್ಲ, ಅಷ್ಟೇ.

ಅಜ್ಜಿಯ ಮಾತಿಗೆ ಬರೋಣ. ಏಳು ಹೆತ್ತರು ಎಂದಿರಿ. ಎಷ್ಟು ಉಳಿದವು ಎಂದು ಒಮ್ಮೆ ಮೆಲ್ಲಗೆ ಕೇಳಿ ನೋಡಿ. ಆ ಕಾಲದ ಅಜ್ಜಿಯರು ಸತ್ತ ಕೂಸುಗಳ ಲೆಕ್ಕವನ್ನು ತಾವಾಗಿ ಹೇಳುವುದಿಲ್ಲ, ಕೇಳಿದರೆ ಹೇಳುತ್ತಾರೆ. ಹೊಕ್ಕುಳಬಳ್ಳಿ ಕೊಯ್ದ ಕತ್ತಿಯಿಂದ, ಅದರ ಮೇಲೆ ಹಚ್ಚಿದ ಸಗಣಿ ಬೂದಿಯಿಂದ ಧನುರ್ವಾಯು ತಗಲಿ ಹೋದ ಕೂಸುಗಳು ಎಷ್ಟೋ. ಬಸುರಿಯರಿಗೆ ಚುಚ್ಚುಮದ್ದು ಬಂದು, ಹೆರಿಗೆ ಆಸ್ಪತ್ರೆಗೆ ಹೋಗಿ, 2015ರ ಹೊತ್ತಿಗೆ ಭಾರತ ಆ ಪಿಡುಗಿನಿಂದ ಪಾರಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ತಾಯಂದಿರ ಲೆಕ್ಕವೂ ಹಾಗೇ. ಕರ್ನಾಟಕದಲ್ಲಿ 2001–03ರಲ್ಲಿ ಒಂದು ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018–20ರಲ್ಲಿ ಅದು 69ಕ್ಕೆ ಇಳಿಯಿತು. ನಮ್ಮ ಊರೂರಲ್ಲಿ ಬಾಣಂತಿ ದೆವ್ವದ ಕಥೆಗಳು ಸುಮ್ನೆ ಹುಟ್ಟಿದ್ದಲ್ಲ ಅಲ್ವಾ? ಹೆರಿಗೆ ಸುಸೂತ್ರ ಆದವರು ಅಜ್ಜಿಯಾಗಿ ನಮ್ಮೆದುರು ಕೂತು ಮಾತಾಡುತ್ತಾರೆ. ಆಗದವರು ಕಥೆಯಲ್ಲಿ ಮಾತ್ರ ಉಳಿದರು.

ಹಾಗೆಂದು ಸೂಲಗಿತ್ತಿಯರನ್ನು ಹೀಗಳೆಯುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ತುಮಕೂರು ಜಿಲ್ಲೆ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ದುಡ್ಡು ತೆಗೆದುಕೊಳ್ಳದೆ ಮಾಡಿಸಿದವರು ಎಂದು ಅವರ ಹೆಸರು. ನಮ್ಮ ಜಿಲ್ಲೆಯಲ್ಲೂ, ಕರಾವಳಿಯ ಕೇರಿಗಳಲ್ಲಿ, ಜೋಯಿಡಾ ಯಲ್ಲಾಪುರದ ಕಾಡಿನೊಳಗಿನ ಊರುಗಳಲ್ಲಿ, ಯಾವ ಪ್ರಶಸ್ತಿಯೂ ಬಾರದ ಅಂಥವರು ಇದ್ದರು. ಅವರಲ್ಲಿ ಕೆಲವರ ಕೈಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಮಗುವಿನ ತಲೆ ಎಲ್ಲಿದೆ, ಬೆನ್ನು ಯಾವ ಕಡೆಗಿದೆ ಎಂದು ಹೇಳುತ್ತಿದ್ದರು. ಸ್ಕ್ಯಾನಿಂಗ್ ನೋಡಿ ಕಲಿತ ಈಗಿನ ಹುಡುಗ ಡಾಕ್ಟರುಗಳಿಗೆ ಆ ಕೈ ಇಲ್ಲ. ಅದಕ್ಕಿಂತ ದೊಡ್ಡದು ಅವರ ತಾಳ್ಮೆ. ರಾತ್ರಿಯಿಡೀ ಪಕ್ಕದಲ್ಲಿ ಕೂತು ಸೊಂಟ ನೀವುತ್ತಿದ್ದರು. ನಡೆಯಲು ಬಿಡುತ್ತಿದ್ದರು. ತೊಲೆಗೆ ಕಟ್ಟಿದ ಹಗ್ಗ ಹಿಡಿಸಿ ಕುಕ್ಕರಗಾಲಲ್ಲಿ ಕೂರಿಸುತ್ತಿದ್ದರು. ಗಂಜಿ ಕುಡಿಸುತ್ತಿದ್ದರು. ಹೊತ್ತು ನೋಡುತ್ತಿರಲಿಲ್ಲ.

ಅವರು ಮಾಡುತ್ತಿದ್ದ ಎಲ್ಲವೂ ಸರಿ ಇರಲಿಲ್ಲ. ಮಾಸು ಬೀಳದಿದ್ದರೆ ಜಡೆಯ ತುದಿಯನ್ನು ಬಾಯಿಗೆ ತುರುಕಿ ಓಕರಿಕೆ ಬರಿಸುವುದು, ಬಳ್ಳಿ ಹಿಡಿದು ಎಳೆಯುವುದು, ಹೊಟ್ಟೆಯನ್ನು ಮೇಲಿನಿಂದ ಒತ್ತುವುದು ಇವೆಲ್ಲ ಇದ್ದವು. ಹೊಟ್ಟೆ ಒತ್ತುವ ಚಾಳಿ ಈಗ ಕೆಲವು ಆಸ್ಪತ್ರೆಗಳಲ್ಲೂ ಇದೆ, ಆ ಮಾತು ಬೇರೆ.

ನಾವು ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತಂದಾಗ ಒಳ್ಳೆಯದು ಕೆಟ್ಟದ್ದು ಎಲ್ಲವನ್ನೂ ಒಟ್ಟಿಗೆ ಹೊರಗೆ ಬಿಟ್ಟುಬಂದೆವು. 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. 2019–21ರ ಸಮೀಕ್ಷೆಯಲ್ಲಿ 100ಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ. ಇಷ್ಟು ಬೇಗ ಇಷ್ಟು ಬಸುರಿಯರು ಬಂದರು, ಲೇಬರ್ ರೂಮುಗಳು ಅದಕ್ಕೆ ತಕ್ಕಂತೆ ಬದಲಾಗಲಿಲ್ಲ. ಒಬ್ಬ ಸಿಸ್ಟರ್, ಮೂರು ನಾಲ್ಕು ಬಸುರಿಯರು. ಎಲ್ಲರನ್ನೂ ಮಲಗಿಸಿ ಡ್ರಿಪ್ ಹಾಕಿಬಿಟ್ಟರೆ ಸಿಸ್ಟರಿಗೆ ಸುಲಭ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಸಿಸೇರಿಯನ್ ಪ್ರಮಾಣ ನೂರಕ್ಕೆ 31 ದಾಟಿತ್ತು. ಇವೆಲ್ಲ ಅಗತ್ಯವಿದ್ದ ಆಪರೇಷನ್‌ಗಳು ಎಂದು ಪ್ರಸೂತಿ ವೈದ್ಯೆಯಾಗಿ ನಾನೂ ಹೇಳಲಾರೆ.

ನಿಮಗೆ ಮೊದಲ ಸಲ ಆದದ್ದರ ಬಗ್ಗೆ ಒಂದು ಮಾತು. ಅದು ನಿಮ್ಮ ಸೂಕ್ಷ್ಮ ಸ್ವಭಾವದಿಂದ ಅನಿಸಿದ್ದಲ್ಲ. ಅದು ತಪ್ಪು ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಹೆರಿಗೆಯ ಮಾರ್ಗಸೂಚಿಯನ್ನು ಮುಂದಿಟ್ಟುಕೊಂಡು ನಿಮ್ಮ ಪತ್ರ ಓದಿದರೆ ಸಾಲು ಸಾಲಿಗೂ ಉತ್ತರ ಸಿಗುತ್ತದೆ. ಬಸುರಿಗೆ ಬೇಕಾದವರು ಜೊತೆಗಿರಬೇಕು. ತೊಂದರೆ ಇಲ್ಲದವಳಿಗೆ ನೋವಿನ ಮಧ್ಯೆ ಆಹಾರ, ನೀರು ಕೊಡಬೇಕು. ಓಡಾಡಲು ಬಿಡಬೇಕು. ಗರ್ಭಕೋಶದ ಬಾಯಿ ತಾಸಿಗೆ ಒಂದು ಸೆಂಟಿಮೀಟರ್ ತೆರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಡ್ರಿಪ್ ಹಾಕಿ ಅವಸರ ಮಾಡಬಾರದು. ಎಲ್ಲರಿಗೂ ಕೊಯ್ಯುವ ರೂಢಿ ಬೇಡ. ಹೊಟ್ಟೆ ಒತ್ತಬಾರದು.

ಇವು ಬರೀ ಮರ್ಯಾದೆಯ ಮಾತಲ್ಲ. ಹೆರಿಗೆ ನೋವನ್ನು ನಡೆಸುವುದು ಮೈಯಲ್ಲೇ ಹುಟ್ಟುವ ಆಕ್ಸಿಟೋಸಿನ್. ಹೆದರಿದರೆ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ, ಅದು ಏರಿದರೆ ನೋವಿನ ಅಲೆ ಸಡಿಲಾಗುತ್ತದೆ. ಮನೆಯಲ್ಲಿ ಚೆನ್ನಾಗಿ ಬರುತ್ತಿದ್ದ ನೋವು ಆಸ್ಪತ್ರೆಯ ಟ್ಯೂಬ್‌ಲೈಟ್ ಕೆಳಗೆ ನಿಂತುಹೋಗುವುದು ಇದಕ್ಕೇ. ಆಮೇಲೆ "ನೋವು ಸಾಲದು" ಎಂದು ಡ್ರಿಪ್. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಬೆನ್ನ ಹತ್ತಿರದ ದೊಡ್ಡ ರಕ್ತನಾಳವನ್ನು ಒತ್ತುತ್ತದೆ, ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ನಡೆದಾಡಿಕೊಂಡು, ಕೂತು ನಿಂತು ನೋವು ಕಳೆದವರಿಗೆ ಮೊದಲ ಹಂತ, ಅಂದರೆ ಗರ್ಭಕೋಶದ ಬಾಯಿ ಪೂರ್ತಿ ತೆರೆಯುವವರೆಗಿನ ಹೊತ್ತು, ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ ಕಡಿಮೆಯಾಯಿತು ಎಂದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಕಂಡಿದೆ. ಪಕ್ಕದಲ್ಲಿ ಒಬ್ಬರು ಬಿಡದೆ ಕೂತಿದ್ದರೆ ಸಿಸೇರಿಯನ್ನೂ ಕಡಿಮೆಯಾಗುತ್ತದೆ. ಸೂಲಗಿತ್ತಿ ಅದನ್ನೇ ಅಲ್ವಾ ಮಾಡುತ್ತಿದ್ದದ್ದು?

ಹಾಗಾಗಿ ನನ್ನ ಸಲಹೆ ಇದು. ಜಾಗ ಆಸ್ಪತ್ರೆಯದೇ ಇರಲಿ. ಮನೆಯಲ್ಲಿ ಏನೇನು ಸಿಗಬಹುದೆಂದು ನೀವು ಆಸೆಪಟ್ಟಿರೋ ಅದನ್ನು ಅಲ್ಲಿಗೆ ತರಿಸಿಕೊಳ್ಳೋಣ. ಅದಕ್ಕೆ ಈಗಿನಿಂದಲೇ ಓಡಾಡಬೇಕು, ನೋವು ಬಂದ ದಿನ ವಾದ ಮಾಡಿದರೆ ಆಗುವುದಿಲ್ಲ.

ಎಂಟನೇ ತಿಂಗಳಲ್ಲಿ ಅಮ್ಮನನ್ನೋ ಗಂಡನನ್ನೋ ಕರೆದುಕೊಂಡು ಹೆರಿಗೆಯ ಆಸ್ಪತ್ರೆಗೆ ಹೋಗಿ. ತಪಾಸಣೆ ಮುಗಿದ ಮೇಲೆ ಎರಡು ನಿಮಿಷ ಕೂತು ಡಾಕ್ಟರಿಗೆ ಮೊದಲ ಹೆರಿಗೆಯ ಕಥೆ ಹೇಳಿ. ಜಗಳದ ಧಾಟಿ ಬೇಡ. "ಹೋದ ಸಲ ಬಹಳ ಹೆದರಿದೆ ಡಾಕ್ಟ್ರೇ, ಈ ಸಲ ಅಮ್ಮ ಜೊತೆಗಿರಬೇಕು" ಎಂದರೆ ಸಾಕು. ಸರ್ಕಾರಿ ಆಸ್ಪತ್ರೆಯಾದರೆ ನಿಮ್ಮ ಕೈ ಇನ್ನೂ ಗಟ್ಟಿ. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಲೇಬರ್ ರೂಮಿನಲ್ಲಿ ಜೊತೆಗಾರ್ತಿಗೆ ಅವಕಾಶ ಇದೆ, ಮರ್ಯಾದೆಯಿಂದ ನಡೆಸಿಕೊಳ್ಳಬೇಕೆಂದೂ ಇದೆ. ಆ ಹೆಸರು ಹೇಳಿಯೇ ಕೇಳಿ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇರಲಿ, ಶಿರಸಿಯ ಪಂಡಿತ ಆಸ್ಪತ್ರೆ ಇರಲಿ, ಖಾಸಗಿ ಇರಲಿ, ಕೇಳುವ ಪ್ರಶ್ನೆಗಳು ಇವೇ: ಜೊತೆಗೆ ಯಾರನ್ನು ಬಿಡುತ್ತೀರಿ, ನಡೆಯಲು ಬಿಡುತ್ತೀರಾ, ಎಲ್ಲರಿಗೂ ಕೊಯ್ಯುತ್ತೀರಾ, ರಾತ್ರಿ ಆಪರೇಷನ್ ಬೇಕಾದರೆ ಅರಿವಳಿಕೆ ಡಾಕ್ಟರ್ ಇರುತ್ತಾರಾ, ರಕ್ತ ಎಲ್ಲಿಂದ ತರುತ್ತೀರಿ. ಕೊನೆಯ ಎರಡಕ್ಕೆ ಸರಿಯಾದ ಉತ್ತರ ಸಿಗದ ಕಡೆ, ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಹೋಗಬೇಡಿ.

ಕೇಳಿದ್ದೆಲ್ಲ ಸಿಗುವುದಿಲ್ಲ. ಕುಕ್ಕರಗಾಲಲ್ಲಿ ಕೂತು ಹೆರಲು ನಮ್ಮಲ್ಲಿ ಹೆಚ್ಚಿನ ಕಡೆ ಬಿಡುವುದಿಲ್ಲ, ಅಭ್ಯಾಸ ಇಲ್ಲ. ಮಗ್ಗುಲಾಗಿ ಮಲಗಿ ಹೆರಲು, ಅಥವಾ ಬೆನ್ನಿಗೆ ದಿಂಬು ಕೊಟ್ಟು ಅರ್ಧ ಎದ್ದು ಕೂರಲು ಕೇಳಿ. ಇದಕ್ಕೆ ಒಪ್ಪುವವರು ಸಿಗುತ್ತಾರೆ. ಎರಡನೇ ಹೆರಿಗೆಯಲ್ಲಿ ಕೊಯ್ಯುವ ಅಗತ್ಯ ಬೀಳುವುದೇ ಕಡಿಮೆ. ಮಗುವಿನ ತಲೆ ಕಾಣುವಾಗ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಒತ್ತಿಹಿಡಿದರೆ ಹರಿಯುವುದು ಕಡಿಮೆಯಾಗುತ್ತದೆ. ಇದು ಸೂಲಗಿತ್ತಿಯರ ಹಳೆಯ ಉಪಾಯ, ಈಗ ಮಾರ್ಗಸೂಚಿಯಲ್ಲೂ ಇದೆ. ಮಗು ಬಂದ ಮೇಲೆ ಬಳ್ಳಿ ಕತ್ತರಿಸಲು ಕನಿಷ್ಠ ಒಂದು ನಿಮಿಷ ಕಾಯಿರಿ, ಮಗುವನ್ನು ನೇರ ಎದೆಯ ಮೇಲೆ ಹಾಕಿ ಎಂದು ಹೇಳಿಡಿ. ನೀರಿನ ತೊಟ್ಟಿಯ ಆಸೆ ಮಾತ್ರ ಬಿಟ್ಟುಬಿಡಿ. ನೋವಿಗೆ ಬೆಚ್ಚಗಿನ ನೀರು ಹಿತ ಎಂಬುದು ನಿಜ, ಅದಕ್ಕೆ ನಿಮ್ಮ ಬಚ್ಚಲ ಹಂಡೆಯೇ ಸಾಕು. ಮನೆ ಬಿಡುವ ಮೊದಲು ಸೊಂಟಕ್ಕೆ ಧಾರಾಳವಾಗಿ ಬಿಸಿನೀರು ಹೊಯ್ದುಕೊಳ್ಳಿ. ಆದರೆ ಹೊರಡುವ ಹೊತ್ತು ಮೀರಿಸಬೇಡಿ.

ಮತ್ತೆ ಅದೇ ರಸ್ತೆಯ ಚಿಂತೆ. ನಿಮ್ಮ ಊರಿಂದ, ಜುಲೈಯಲ್ಲಿ, ನೋವು ಬಂದ ಮೇಲೆ ಹೊರಡುವುದು ನನಗೆ ಸರಿ ಕಾಣುವುದಿಲ್ಲ. 38 ವಾರ ತುಂಬುತ್ತಿದ್ದಂತೆ ಶಿರಸಿ ಪೇಟೆಯಲ್ಲಿ ನೆಂಟರ ಮನೆ ಯಾವುದಾದರೂ ಇದ್ದರೆ ಅಲ್ಲಿಗೆ ಬಂದುಬಿಡಿ. ಹಳೆಯ ಕಾಲದಲ್ಲಿ ಬಸುರಿ ಏಳನೇ ತಿಂಗಳಿಗೇ ತವರಿಗೆ ಹೋಗುತ್ತಿದ್ದಳು. ಇದೂ ಹಾಗೇ ಅಂದುಕೊಳ್ಳಿ. ಪೇಟೆಯ ಮನೆಯಲ್ಲಿ ಇದ್ದರೆ ಇನ್ನೊಂದು ಲಾಭ ಇದೆ. ಆಸ್ಪತ್ರೆಗೆ ಅವಸರದಿಂದ ಓಡಬೇಕಾಗಿಲ್ಲ. ನೋವಿನ ಮೊದಲ ಭಾಗವನ್ನು ಮನೆಯಲ್ಲೇ, ನಿಮ್ಮವರ ನಡುವೆ, ಅಂಗಳದಲ್ಲಿ ಓಡಾಡಿಕೊಂಡು ಕಳೆಯಬಹುದು. ಐದು ಸೆಂಟಿಮೀಟರ್ ತೆರೆದ ಮೇಲೆಯೇ ಚುರುಕಾದ ಹೆರಿಗೆ ನೋವು ಶುರು ಎಂದು ಈಗ ಲೆಕ್ಕ. ಅದಕ್ಕಿಂತ ತುಂಬಾ ಮೊದಲೇ ಹೋಗಿ ಮಲಗಿದವರಿಗೇ ಡ್ರಿಪ್, ಸಿಸೇರಿಯನ್ ಎಲ್ಲ ಜಾಸ್ತಿ. ಆದರೆ ಎರಡನೆಯದು ಬೇಗ ಆಗುತ್ತದೆ. ನೋವು ಐದಾರು ನಿಮಿಷಕ್ಕೊಮ್ಮೆ ಬರತೊಡಗಿ, ಮಾತಾಡಲು ಆಗದಷ್ಟು ಬಲವಾದರೆ ಹೊರಡಿ. ಅರ್ಧ ದಿನ ಕಾಯುವ ಹಟ ಬೇಡ.

ಕೆಲವು ಸಂದರ್ಭಗಳಲ್ಲಿ ನೋವಿನ ಲೆಕ್ಕವೇ ಬೇಡ, ತಕ್ಷಣ ಹೊರಡಬೇಕು: ರಕ್ತ ಹೋದರೆ, ಹೋದ ನೀರು ಹಸಿರಾಗಿದ್ದರೆ, ನೀರು ಹೋಗಿಯೂ ನೋವು ಬಾರದಿದ್ದರೆ, ಮಗುವಿನ ಅಲುಗಾಟ ಕಡಿಮೆ ಅನಿಸಿದರೆ, ತಲೆ ಸಿಡಿಯುವಷ್ಟು ನೋವು ಬಂದು ಕಣ್ಣು ಮಂಜಾದರೆ, ಜ್ವರ ಬಂದರೆ. ಬಿಪಿ 140/90 ದಾಟಿದರೆ ಈಗ ಬರೆದದ್ದನ್ನೆಲ್ಲ ಬದಿಗಿಟ್ಟು ನಿಮ್ಮ ಡಾಕ್ಟರ್ ಹೇಳಿದ ಹಾಗೆ ಕೇಳಿ. 108ಕ್ಕೆ ಫೋನ್ ಮಾಡಿ, ಅದರ ಜೊತೆಗೆ ಊರಿನ ಜೀಪಿನವನ ನಂಬರೂ ಇರಲಿ. ನಮ್ಮ ಕಡೆ ಮಳೆಗಾಲದಲ್ಲಿ ಎರಡೂ ಬೇಕು. ನಿಮ್ಮ ರಕ್ತದ ಗುಂಪಿನವರು ಇಬ್ಬರನ್ನು ಹುಡುಕಿಟ್ಟುಕೊಳ್ಳಿ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ನೋಡಿ. 11ಕ್ಕಿಂತ ಕಡಿಮೆ ಇದ್ದರೆ ಇನ್ನೂ ಎರಡು ತಿಂಗಳಿದೆ, ಏರಿಸಬಹುದು. ಮಾತ್ರೆ ಹೊಟ್ಟೆಗೆ ಆಗದಿದ್ದರೆ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಡ್ರಿಪ್ ಬಗ್ಗೆ ಕೇಳಿ. ರಕ್ತ ತುಂಬಿದ್ದವಳು ಅರ್ಧ ಲೀಟರ್ ಕಳೆದುಕೊಂಡರೂ ತಡೆದುಕೊಳ್ಳುತ್ತಾಳೆ, ರಕ್ತ ಕಡಿಮೆ ಇದ್ದವಳಿಗೆ ಅದು ಆಗದು. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ನಿಮ್ಮ ಊರಿನ ಸೂಲಗಿತ್ತಿಯಮ್ಮನನ್ನು ಬಿಡಬೇಡಿ. ಅವರಿಗೆ ಬರುವ ಶಕ್ತಿ ಇದ್ದರೆ, ಆಸ್ಪತ್ರೆಯವರು ಒಪ್ಪಿದರೆ, ನಿಮ್ಮ ಜೊತೆಗಾರ್ತಿಯಾಗಿ ಅವರೇ ಬರಲಿ. ಸೊಂಟ ನೀವಲು, "ಇನ್ನು ಸ್ವಲ್ಪವೇ" ಎಂದು ಹೇಳಲು ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ. ಅವರಿಗೂ ಕೆಲಸ ಗೊತ್ತಿರುವುದರಿಂದ ಸಿಸ್ಟರ್ ಏನು ಮಾಡುತ್ತಿದ್ದಾರೆಂದು ನಿಮಗೆ ಬಿಡಿಸಿ ಹೇಳಬಲ್ಲರು. ಬಸುರಿಯಲ್ಲಿ ಹೊಟ್ಟೆ ತಿಕ್ಕಿ ಮಗುವನ್ನು ತಿರುಗಿಸುವುದು ಮಾತ್ರ ಬೇಡ. ಮಾಸು ಗರ್ಭಕೋಶದಿಂದ ಬಿಟ್ಟುಕೊಂಡು ಒಳಗೇ ರಕ್ತ ಹೋಗುವ ಅಪಾಯ ಇದೆ. ಬಾಣಂತನದಲ್ಲಿ ಮೈಗೆ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ ಪೂರ್ತಿ ಅವರದೇ ಆಗಲಿ. ಮಗುವಿಗೆ ಮೊದಲ 24 ಗಂಟೆ ಸ್ನಾನ ಬೇಡ, ಹೊಕ್ಕುಳಿಗೆ ಏನೂ ಹಚ್ಚುವುದು ಬೇಡ ಎಂದು ಮೊದಲೇ ಹೇಳಿಡಿ. ಮೊದಲು ಕೊಡಬೇಕಾದದ್ದು ನಿಮ್ಮ ಎದೆಯ ಗಿಣ್ಣುಹಾಲು, ಜೇನುತುಪ್ಪ ಅಲ್ಲ.

ಕೊನೆಯದಾಗಿ ತುಪ್ಪ, ಹರಳೆಣ್ಣೆ. ತುಪ್ಪ ತಿಂದರೆ ಮಗು ಜಾರಿ ಬರುವುದಿಲ್ಲ. ತುಪ್ಪ ಹೋಗುವುದು ಹೊಟ್ಟೆಗೆ, ಮಗು ಬರುವ ದಾರಿಗಲ್ಲ. ಅನ್ನದ ಮೇಲೆ ಒಂದು ಚಮಚ ಹಾಕಿಕೊಂಡರೆ ರುಚಿ, ಲೋಟಗಟ್ಟಲೆ ಕುಡಿದರೆ ತೂಕ ಏರುತ್ತದೆ ಅಷ್ಟೇ. ಹರಳೆಣ್ಣೆ ಕುಡಿದರೆ ನೋವು ಬರಬಹುದು, ಬರದೆಯೂ ಇರಬಹುದು. ಭೇದಿ ಮಾತ್ರ ಗ್ಯಾರಂಟಿ. ಮೈಯ ನೀರೆಲ್ಲ ಹೋಗಿ, ಸುಸ್ತಾಗಿ ಹೆರಿಗೆಗೆ ಹೋಗುವುದು ಯಾಕೆ? ಅದರ ಬದಲು ದಿನಾ ಸಂಜೆ ಮಳೆ ಬಿಟ್ಟ ಹೊತ್ತಿನಲ್ಲಿ ನಡೆಯಿರಿ. ನೋವಿನ ದಿನಕ್ಕೆಂದು ಚೀಲದಲ್ಲಿ ಎಳನೀರು, ಗಂಜಿ ತುಂಬಿದ ಫ್ಲಾಸ್ಕ್, ಸ್ವಲ್ಪ ಜೋನಿಬೆಲ್ಲ ಇಟ್ಟುಕೊಳ್ಳಿ. ಸಿಸ್ಟರ್ ಬೇಡ ಎಂದರೆ ಯಾಕೆಂದು ಕೇಳಿ. ಆಪರೇಷನ್ ಆಗುವ ಸಂಭವ ಇದ್ದರೆ ಅವರು ಹೇಳುವುದು ಸರಿ. ಸುಮ್ನೆ ರೂಢಿಗೆ ಬೇಡ ಎನ್ನುತ್ತಿದ್ದರೆ ಡಾಕ್ಟರನ್ನು ಕೇಳಿ ಕುಡಿಯಿರಿ.